ಹಾರುವ ಹಕ್ಕಿ ಮಾತ್ರ ಮಸುಕು: ಲೆನ್ಸ್ ದೋಷವೋ, ಸೆಟ್ಟಿಂಗ್ ದೋಷವೋ?

ಕೆರೆದಂಡೆ:

ಕೂತ ಹಕ್ಕಿ ಗರಿ ಗರಿ ಎಣಿಸುವಷ್ಟು ಚೊಕ್ಕ ಬರುತ್ತೆ. ಅದೇ ಹಕ್ಕಿ ಹಾರಿತೋ, ಹತ್ತರಲ್ಲಿ ಒಂಬತ್ತು ಫ್ರೇಮ್ ಡಿಲೀಟ್.

ಈಗಿನ ಸೆಟ್ಟಿಂಗ್: 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಮಿರರ್‌ಲೆಸ್, 150-600 ಎಂ.ಎಂ. ಜೂಮ್, ಯಾವಾಗಲೂ 600ರಲ್ಲೇ, ಎಫ್/6.3 (ಲೆನ್ಸ್ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣ). ಶಟರ್ ಪ್ರಯಾರಿಟಿ 1/1000 (ಶಟರ್ ತೆರೆದಿರೋದು ಸೆಕೆಂಡಿನ ಸಾವಿರದ ಒಂದು ಭಾಗ), ಆಟೋ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ; ಬೆಳಗ್ಗೆ ಸಾಮಾನ್ಯವಾಗಿ 640ರ ಆಸುಪಾಸು). ಕಂಟಿನ್ಯುಯಸ್ ಫೋಕಸ್, ನಡುವಿನ ಒಂದೇ ಪಾಯಿಂಟ್. ಕೈ ನಡುಕ ತಡೆಯುವ ಸ್ಟೆಬಿಲೈಸರ್ ಮೋಡ್ 1. ಟ್ರೈಪಾಡ್ ಇಲ್ಲ, ಕೈಯಲ್ಲೇ ಹಿಡಿದು ತೆಗೆಯೋದು.

ಜೊತೆಗೆ ಇನ್ನೆರಡು ತೊಂದರೆ. ಬೆಳ್ಳಕ್ಕಿಯ ಬಿಳಿ ಪೂರ್ತಿ ಸುಟ್ಟು ಹೋಗಿ ಗರಿಯ ಗೆರೆಗಳೇ ಕಾಣಲ್ಲ. ಮಿಂಚುಳ್ಳಿಯಂತೂ ವ್ಯೂಫೈಂಡರ್‌ಗೆ ಕಣ್ಣಿಡುವಷ್ಟರಲ್ಲಿ ಮಾಯ.

ಲೆನ್ಸನ್ನು ಸರ್ವಿಸ್‌ಗೆ ಕೊಡಬೇಕಾ? ಅಥವಾ ಮೊದಲು ಯಾವುದನ್ನು ಸರಿ ಮಾಡಿಕೊಳ್ಳಲಿ?

ಬೂದುಬಕ:

ಕೂತ ಹಕ್ಕಿ ಚೊಕ್ಕ ಬರ್ತಿದೆ ಅಂದಮೇಲೆ ಲೆನ್ಸ್ ಮೇಲೆ ಅನುಮಾನ ಬೇಡ. ಕೆಟ್ಟ ಫೋಟೋಗಳನ್ನು ಡಿಲೀಟ್ ಮಾಡೋದು ನಿಲ್ಲಿಸಿ. ನೂರಕ್ಕೆ ನೂರು ಜೂಮ್ ಮಾಡಿ, ಮಸುಕು ಯಾವ ಥರದ್ದು ಅಂತ ನೋಡಿ. ಕಾರಣ ಅಲ್ಲೇ ಇರುತ್ತೆ.

ದೇಹ, ಕಣ್ಣು ಚೊಕ್ಕ ಇದ್ದು ರೆಕ್ಕೆಯ ತುದಿ ಮಾತ್ರ ಅಳಿಸಿದ ಹಾಗಿದ್ದರೆ ಶಟರ್ ಸಾಲದು. ಹಿಂದಿನ ಜೊಂಡು ಚೊಕ್ಕವಾಗಿದ್ದು ಹಕ್ಕಿ ಒಂದೇ ದಿಕ್ಕಿಗೆ ಗೀರು ಎಳೆದಂತಿದ್ದರೆ ನೀವು ಕ್ಯಾಮೆರಾವನ್ನು ಹಕ್ಕಿಯ ಜೊತೆ ತಿರುಗಿಸಿಲ್ಲ. ಹಕ್ಕಿ ಯಾವ ದಿಕ್ಕಿಗೂ ಎಳೆದಂತಿಲ್ಲ, ಸುತ್ತಲೂ ಸಮನಾಗಿ ಮೆತ್ತಗಿದೆ, ಅದರ ಮುಂದೆಯೋ ಹಿಂದೆಯೋ ಇನ್ಯಾವುದೋ ಚೊಕ್ಕ ಕಾಣ್ತಿದೆ ಅಂದರೆ ಫೋಕಸ್ ತಪ್ಪಿದೆ. ಇಡೀ ಚಿತ್ರದಲ್ಲಿ ಯಾವುದೂ ಚೊಕ್ಕ ಇಲ್ಲ, ಅಂಚುಗಳು ಅಲೆ ಅಲೆಯಾಗಿವೆ, ಒಂದೇ ಬರ್ಸ್ಟ್‌ನಲ್ಲಿ (ಗುಂಡಿ ಒತ್ತಿ ಹಿಡಿದು ಸಾಲಾಗಿ ತೆಗೆದ ಫ್ರೇಮ್‌ಗಳಲ್ಲಿ) ಒಂದು ಫ್ರೇಮ್ ಪರವಾಗಿಲ್ಲ, ಮುಂದಿನದು ಪೂರ್ತಿ ಕೆಟ್ಟಿದೆ ಅಂದರೆ ಅದು ಕಾದ ನೆಲದಿಂದ ಎದ್ದು ನೋಟ ಕದಡುವ ಬಿಸಿಗಾಳಿಯ ಕೆಲಸ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

ನಿಮ್ಮ ಸೆಟ್ಟಿಂಗ್ ನೋಡಿದರೆ ಮೊದಲ ಎರಡೂ ಸೇರಿಕೊಂಡಿರೋ ಸಾಧ್ಯತೆ ಹೆಚ್ಚು. ಲೆಕ್ಕ ಹಾಕಿ ನೋಡೋಣ. ಹಕ್ಕಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರ್ತಿದೆ ಅಂದುಕೊಳ್ಳಿ. 1/1000ರಲ್ಲಿ ಅದು 1 ಸೆಂ.ಮೀ. ಸರಿಯುತ್ತೆ. 20 ಮೀಟರ್ ದೂರದ ಆ 1 ಸೆಂ.ಮೀ. 600 ಎಂ.ಎಂ. ಲೆನ್ಸ್ ಮೂಲಕ ಸೆನ್ಸರ್ ಮೇಲೆ 0.3 ಎಂ.ಎಂ. ಆಗುತ್ತೆ. ನಿಮ್ಮ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 0.004 ಎಂ.ಎಂ. ಅಲ್ಲಿಗೆ 75 ಪಿಕ್ಸೆಲ್ ಉದ್ದದ ಗೀರು ಬಿತ್ತು. ಶಟರನ್ನು 1/3200ಕ್ಕೆ ಏರಿಸಿದರೂ 23 ಪಿಕ್ಸೆಲ್ ಉಳಿಯುತ್ತೆ. ಹಾಗಾಗಿ ಬರೀ ಶಟರ್ ಏರಿಸಿ ಹಾರುವ ಹಕ್ಕಿಯನ್ನು ನಿಲ್ಲಿಸೋಕಾಗಲ್ಲ. ದೇಹವನ್ನು ನಿಲ್ಲಿಸೋದು ಪ್ಯಾನಿಂಗ್ (ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸೋದು), ರೆಕ್ಕೆಯನ್ನು ನಿಲ್ಲಿಸೋದು ಶಟರ್. ಎರಡೂ ಬೇಕು.

ಶಟರ್ ಹೀಗೆ ಶುರು ಮಾಡಿ: ರೆಕ್ಕೆ ಬಡಿಯದೆ ತೇಲುವ ಹದ್ದಿಗೆ 1/1250, ನಿಧಾನ ಬಡಿಯುವ ಬಕ, ಕೊಕ್ಕರೆಗೆ 1/1600, ಬಾತಿಗೆ 1/2500, ಮಿಂಚುಳ್ಳಿ, ಕವಲುತೋಕೆ, ಕಳ್ಳಿಪೀರಕ್ಕೆ 1/3200ಕ್ಕೆ ಕಮ್ಮಿ ಇಲ್ಲ. 1/1000ದಿಂದ 1/3200ಕ್ಕೆ ಹೋದರೆ ನಿಮ್ಮ 640 ಐಎಸ್‌ಒ 2000ದ ಹತ್ತಿರ ಹೋಗುತ್ತೆ. ಹೋಗಲಿ ಬಿಡಿ. ನಾಯ್ಸ್ ಅನ್ನು ಸಾಫ್ಟ್‌ವೇರ್ ತೆಗೆಯುತ್ತೆ, ಗೀರನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ತೆಗೆಯಲ್ಲ.

ತೋಳ್ಬಲ:

ಬೂದುಬಕ ಅವರ ಲೆಕ್ಕದ ಜೊತೆ ಇನ್ನೊಂದು ಸೇರಿಸ್ತೀನಿ. ನಿಮ್ಮ ಕ್ಯಾಮೆರಾದಲ್ಲಿ 600 ಎಂ.ಎಂ.ಗೆ 20 ಮೀಟರ್ ದೂರದಲ್ಲಿ ಕಾಣುವ ಅಗಲ ಬರೀ 78 ಸೆಂ.ಮೀ. ಸಣ್ಣ ಬೆಳ್ಳಕ್ಕಿ ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಮೀಟರ್. ಹಕ್ಕಿಯೇ ಹಿಡಿಸದ ಚೌಕಟ್ಟಿನಲ್ಲಿ ಹಕ್ಕಿಯನ್ನು ಹುಡುಕ್ತಿದ್ದೀರಿ. 400ಕ್ಕೆ ಇಳಿಸಿ, ಅಗಲ 1.17 ಮೀಟರ್ ಆಗುತ್ತೆ. ಮಿಂಚುಳ್ಳಿಯಂಥ ಸಣ್ಣದನ್ನು 300ರಲ್ಲಿ ಹಿಡಿದು, ಫೋಕಸ್ ಕಚ್ಚಿದ ಮೇಲೆ ಜೂಮ್ ಉಂಗುರ ತಿರುಗಿಸಿ.

ಹುಡುಕುವ ವಿಧಾನ: ಕಣ್ಣು ಹಕ್ಕಿಯ ಮೇಲಿಂದ ಅಲುಗಬಾರದು. ತಲೆ ಬಗ್ಗಿಸಿ ಕ್ಯಾಮೆರಾ ನೋಡೋದಲ್ಲ, ನೋಟ ಅಲ್ಲೇ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಮುಂದಕ್ಕೆ ತನ್ನಿ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಕೈ ಕೂರುತ್ತೆ. ಅಭ್ಯಾಸಕ್ಕೆ ಕಾಗೆ, ಪಾರಿವಾಳ ಸಾಕು, ಅಪರೂಪದ ಹಕ್ಕಿಗೆ ಕಾಯಬೇಡಿ.

ಪ್ಯಾನಿಂಗ್‌ನಲ್ಲಿ ತೋಳು ತಿರುಗಿಸಬಾರದು, ಸೊಂಟ ತಿರುಗಬೇಕು. ಎಡಗೈ ಅಂಗೈ ಮೇಲಾಗಿ ಲೆನ್ಸಿನ ಕೆಳಗೆ, ಸಾಧ್ಯವಾದಷ್ಟು ಮುಂದೆ. ಮೊಣಕೈ ಎರಡೂ ಪಕ್ಕೆಗೆ ಅಂಟಿರಲಿ. ಪಾದಗಳನ್ನು ಹಕ್ಕಿ ಈಗಿರುವ ಕಡೆಗಲ್ಲ, ನೀವು ಕ್ಲಿಕ್ ಮಾಡಬೇಕೆಂದಿರುವ ಕಡೆಗೆ ಊರಿ. ಹಕ್ಕಿ ಬರುವ ಕಡೆಗೆ ಸೊಂಟದ ಮೇಲಿನ ಭಾಗವನ್ನು ಮೊದಲೇ ತಿರುಗಿಸಿಕೊಂಡು ನಿಂತರೆ, ಅದು ಎದುರಿಗೆ ಬರುವಾಗ ಮೈ ಸಡಿಲಾಗಿರುತ್ತೆ. ಉಲ್ಟಾ ನಿಂತರೆ ಕ್ಲಿಕ್ ಮಾಡುವ ಹೊತ್ತಿಗೆ ಮೈ ಬಿಗಿದು ಕ್ಯಾಮೆರಾ ಜಗ್ಗುತ್ತೆ. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಿ. ಬಹಳ ಜನ ಕ್ಲಿಕ್ ಸದ್ದು ಕೇಳಿದ ಕೂಡಲೇ ಕೈ ನಿಲ್ಲಿಸ್ತಾರೆ, ಬರ್ಸ್ಟ್‌ನ ಮೊದಲ ಎರಡು ಫ್ರೇಮ್ ಬಿಟ್ಟು ಉಳಿದವೆಲ್ಲ ಕೆಡೋದು ಇದಕ್ಕೇ.

ಸ್ಟೆಬಿಲೈಸರ್ ಮೋಡ್ 1 ನಿಮ್ಮ ಪ್ಯಾನಿಂಗನ್ನೂ ಕೈ ನಡುಕ ಅಂದುಕೊಂಡು ಎದುರು ಎಳೆಯಬಹುದು. ಮೋಡ್ 2 ಅಡ್ಡ ಚಲನೆಯನ್ನು ಬಿಟ್ಟು ಮೇಲೆ-ಕೆಳಗಿನ ನಡುಕವನ್ನಷ್ಟೇ ತಡೆಯುತ್ತೆ. ಅಡ್ಡ ಹಾರುವ ಹಕ್ಕಿಗೆ ಅದನ್ನು ಹಾಕಿ. 1/2000ಕ್ಕಿಂತ ಮೇಲೆ ನಾನಾದರೆ ಪೂರ್ತಿ ಆಫ್ ಮಾಡ್ತೀನಿ.

ಬೂದುಬಕ:

ಆಫ್ ಮಾಡೋದರ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಅಷ್ಟು ಶಟರ್ ವೇಗದಲ್ಲಿ ಚಿತ್ರಕ್ಕೆ ಅದು ಬೇಡ, ಒಪ್ಪಿದೆ. ಆದರೆ ವ್ಯೂಫೈಂಡರ್‌ನಲ್ಲಿ ನೋಟ ನಡುಗದಿದ್ದರೆ ಫೋಕಸ್ ಪಾಯಿಂಟನ್ನು ತಲೆಯ ಮೇಲೆ ಇಟ್ಟುಕೊಳ್ಳೋದು ಸುಲಭ. ಹಕ್ಕಿ ವಕ್ರವಾಗಿ, ಮೇಲೆ ಕೆಳಗೆ ಹಾರೋದಾದರೆ ಆಫ್. ನೇರ ಹಾರೋದಾದರೆ ಮೋಡ್ 2. ಅವರವರ ಲೆನ್ಸ್‌ನಲ್ಲಿ ಎರಡೂ ಥರ ನೂರು ನೂರು ಫ್ರೇಮ್ ತೆಗೆದು ಎಣಿಸಿದರೆ ವಾದ ಮುಗೀತು.

ಬಿಳಿಗರಿ:

ಬೆಳ್ಳಕ್ಕಿ ವಿಷಯಕ್ಕೆ ಬರ್ತೀನಿ. ಬಿಳಿ ಸುಡೋದು ಕ್ಯಾಮೆರಾ ಹಕ್ಕಿಯನ್ನಲ್ಲ, ಹಿನ್ನೆಲೆಯನ್ನು ಅಳೆಯೋದರಿಂದ. ಕಪ್ಪು ನೀರಿನ ಮುಂದೆ ಸಣ್ಣ ಬಿಳಿ ಹಕ್ಕಿ ಇದ್ದರೆ ಅದು ನೀರನ್ನು ಬೆಳಗಿಸೋಕೆ ಹೋಗುತ್ತೆ. ಆಗ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದದ್ದನ್ನು ನಾವೇ ಹೆಚ್ಚು-ಕಮ್ಮಿ ಮಾಡೋದು) ಮೈನಸ್ 1ರಿಂದ ಮೈನಸ್ 1⅓. ಅದೇ ಹಕ್ಕಿ ಮೋಡದ ಬಿಳಿ ಆಕಾಶಕ್ಕೆ ಏರಿತು ಅಂದ್ಕೊಳ್ಳಿ, ಈಗ ಕ್ಯಾಮೆರಾ ಎಲ್ಲವನ್ನೂ ಕತ್ತಲು ಮಾಡುತ್ತೆ, ಪ್ಲಸ್ 1 ಬೇಕು. ನೀರು, ಜೊಂಡು, ಮರ, ಆಕಾಶ, ಇಷ್ಟೂ ಎರಡೇ ಸೆಕೆಂಡ್‌ನ ಒಂದು ಹಾರಾಟದಲ್ಲಿ ದಾಟಿ ಹೋಗುತ್ತೆ. ಅಷ್ಟರಲ್ಲಿ ಡಯಲ್ ತಿರುಗಿಸೋಕೆ ಯಾರಿಂದಲೂ ಆಗಲ್ಲ.

ಹಿನ್ನೆಲೆ ಎಷ್ಟು ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಲ್ಲ. ಅದಕ್ಕೇ ಪೂರ್ತಿ ಮ್ಯಾನುಯಲ್, ಐಎಸ್‌ಒ ಕೂಡ ಲಾಕ್. ನಿಚ್ಚಳ ಬಿಸಿಲು, ಸೂರ್ಯ ಮೇಲೇರಿ ನಿಮ್ಮ ಬೆನ್ನಿಗಿದ್ದಾನೆ ಅಂದರೆ ಹಳೇ ಸೂತ್ರ: ಎಫ್/16ರಲ್ಲಿ ಐಎಸ್‌ಒ ಎಷ್ಟೋ ಶಟರ್ ಅದರ ಒಂದಂಶ. ಎಫ್/6.3, 1/3200ಕ್ಕೆ ಲೆಕ್ಕ ಹಾಕಿದರೆ ಐಎಸ್‌ಒ 500. ಇದು ಸಾಮಾನ್ಯ ಬಣ್ಣದ ಹಕ್ಕಿಗೆ. ಬೆಳ್ಳಕ್ಕಿಗೆ ಒಂದು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು), ಅಂದರೆ 250. ನಿಮಗೆ ಬೆಳಗ್ಗೆ 1/1000ಕ್ಕೇ 640 ಬರ್ತಿದೆ ಅಂದರೆ ಬೆಳಕು ಇದಕ್ಕಿಂತ ಸುಮಾರು ಎರಡು ಸ್ಟಾಪ್ ಮಂದ. ಐಎಸ್‌ಒ ಅಷ್ಟೇ ಏರಿಸಿ.

ಸ್ಥಳಕ್ಕೆ ಹೋದ ಕೂಡಲೇ ಯಾವುದಾದರೂ ಕೂತ ಬೆಳ್ಳಕ್ಕಿಯ ಮೇಲೆ ಒಂದು ಟೆಸ್ಟ್ ಶಾಟ್ ತೆಗೆದು ಹಿಸ್ಟೋಗ್ರಾಮ್ (ಎಡದ ಕಪ್ಪಿನಿಂದ ಬಲದ ಬಿಳಿವರೆಗಿನ ಬೆಳಕಿನ ನಕ್ಷೆ) ನೋಡಿ. ಬಲಗಡೆಯ ಗುಡ್ಡೆ ಗೋಡೆಗೆ ತಾಗದೆ ಅದರ ಸ್ವಲ್ಪ ಹಿಂದೆ ನಿಂತಿದ್ದರೆ ಸರಿ. ಮಿರರ್‌ಲೆಸ್‌ನಲ್ಲಿ ಝೀಬ್ರಾ (ಸುಡುವ ಜಾಗದ ಮೇಲೆ ಗೆರೆ ತೋರಿಸುವ ಸೌಲಭ್ಯ) ಇದ್ದರೆ 100ಕ್ಕೆ ಇಡಿ, ಬೆನ್ನಿನ ಮೇಲೆ ಗೆರೆ ಕಂಡರೆ ಮೂರನೇ ಒಂದು ಸ್ಟಾಪ್ ಇಳಿಸಿ. ನೆನಪಿರಲಿ, ಹಿಸ್ಟೋಗ್ರಾಮೂ ಸುಟ್ಟ ಜಾಗವನ್ನು ಮಿನುಗಿಸುವ ಎಚ್ಚರಿಕೆಯೂ ಜೆಪೆಗ್ ಪ್ರಿವ್ಯೂ ಲೆಕ್ಕದವು. ನೀವು ರಾ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯೋದಾದರೆ ಪಿಕ್ಚರ್ ಸ್ಟೈಲ್ ನ್ಯೂಟ್ರಲ್‌ಗೆ ಇಡಿ, ಆಗ ತೋರಿಸೋದು ನಿಜಕ್ಕೆ ಹತ್ತಿರ ಇರುತ್ತೆ.

ಕಾಜಾಣ, ನೀರುಕಾಗೆಯಂಥ ಕಪ್ಪು ಹಕ್ಕಿಗೆ ಇದರ ಉಲ್ಟಾ, ಒಂದು ಸ್ಟಾಪ್‌ವರೆಗೆ ಹೆಚ್ಚು. ಆಕಾಶ ಬಿಳುಚಿದರೆ ಬಿಳುಚಲಿ.

ಕೆರೆದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಹಳೇ ಫೋಟೋ ತೆರೆದು ನೋಡಿದೆ. ಅರ್ಧದಷ್ಟರಲ್ಲಿ ಹಿಂದಿನ ಜೊಂಡು ಚೊಕ್ಕ, ಹಕ್ಕಿ ಗೀರು. ಇನ್ನು ಕೆಲವದರಲ್ಲಿ ಹಕ್ಕಿ ಗೀರಿಲ್ಲದೆ ಮೆತ್ತಗಿದೆ, ಜೊಂಡು ಮಾತ್ರ ಚೊಕ್ಕ. ಅಂದರೆ ಫೋಕಸ್ ಜೊಂಡಿಗೆ ಹಾರುತ್ತಿದೆ. ಇದಕ್ಕೇನು ಮಾಡೋದು? ಎಫ್/8ಕ್ಕೆ ಇಳಿಸಿದರೆ ಸರಿ ಹೋಗುತ್ತಾ? ಮತ್ತೆ ಮೋಡ ಬಂದು ಹೋಗಿ ಮಾಡ್ತಿದ್ದರೆ ಮ್ಯಾನುಯಲ್ ನಡೆಯುತ್ತಾ?

ಬಿಳಿಗರಿ:

ಮೋಡ ಆಡ್ತಿದ್ದರೆ ಶಟರ್, ಅಪರ್ಚರ್ ಮ್ಯಾನುಯಲ್, ಐಎಸ್‌ಒ ಆಟೋ, ಕಾಂಪೆನ್ಸೇಶನ್ ಕೈಗೆ ಸಿಗುವ ಡಯಲ್‌ಗೆ. ಹಿನ್ನೆಲೆ ನೋಡಿ ಅಂದಾಜಿಗೆ ತಿರುಗಿಸಬೇಕಷ್ಟೆ.

ಚುಕ್ಕೆಮುನಿಯ:

ಎಫ್/8 ಸಲಹೆಯನ್ನು ಎಲ್ಲರೂ ಕೊಡ್ತಾರೆ. 600 ಎಂ.ಎಂ., 20 ಮೀಟರ್‌ನಲ್ಲಿ ಎಫ್/6.3ಕ್ಕೆ ಚೊಕ್ಕ ಬರುವ ಆಳ ಸುಮಾರು 27 ಸೆಂ.ಮೀ., ಎಫ್/8ಕ್ಕೆ 34. ಏಳು ಸೆಂ.ಮೀ.ಗೋಸ್ಕರ ಮೂರನೇ ಎರಡು ಸ್ಟಾಪ್ ಬೆಳಕು ಕೊಡಬೇಕು. ಫೋಕಸ್ ಎರಡು ಮೀಟರ್ ಹಿಂದಿನ ಜೊಂಡಿಗೆ ಹೋಗಿದ್ದರೆ ಆ ಏಳು ಸೆಂ.ಮೀ.ಯಿಂದ ಏನೂ ಆಗಲ್ಲ. ಬೆಳಕು ಧಾರಾಳ ಇದ್ದಾಗ ಮಾತ್ರ ಎಫ್/8.

ಜೊಂಡಿಗೆ ಹಾರೋದಕ್ಕೆ ಕಾರಣ ಆ ಒಂದೇ ಪಾಯಿಂಟ್. ಹಕ್ಕಿ ಒಂದು ಕ್ಷಣ ಅದರಿಂದ ಜಾರಿದರೂ ಕೆಳಗೆ ಸಿಗೋದು ಜೊಂಡು, ಗೆರೆ ಗೆರೆಯಾಗಿ ಕಾಂಟ್ರಾಸ್ಟ್ ಇರುವ ವಸ್ತು, ಫೋಕಸ್‌ಗೆ ಅದೇ ಇಷ್ಟ. ಒಂದು ಪಾಯಿಂಟ್ ಬದಲು ಸಣ್ಣ ಝೋನ್ (ಅಕ್ಕಪಕ್ಕದ ಹಲವು ಪಾಯಿಂಟ್‌ಗಳ ಗುಂಪು) ಹಾಕಿ. ಕ್ಯಾಮೆರಾದಲ್ಲಿ ಹಕ್ಕಿ ಗುರುತಿಸುವ ಸೌಲಭ್ಯ ಇದ್ದರೆ ಅದನ್ನೂ ಆನ್ ಮಾಡಿ. ಆಕಾಶದ ಹಕ್ಕಿಗೆ ದೊಡ್ಡ ಝೋನ್ ಪರವಾಗಿಲ್ಲ, ಜೊಂಡು-ಮರದ ಮುಂದೆ ಸಣ್ಣದೇ ಸರಿ. ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು 'ಲಾಕ್ಡ್' ಕಡೆಗೆ ಒಂದು-ಎರಡು ಮೆಟ್ಟಿಲು ಜರುಗಿಸಿ, ಮಧ್ಯೆ ಏನಾದರೂ ಅಡ್ಡ ಬಂದರೆ ಕ್ಯಾಮೆರಾ ಕೂಡಲೇ ಅದಕ್ಕೆ ಹೋಗಲ್ಲ. ಆದರೆ ಇದಕ್ಕೊಂದು ಅಡ್ಡ ಪರಿಣಾಮ ಇದೆ: ಮೊದಲೇ ಜೊಂಡಿಗೆ ಕಚ್ಚಿದ್ದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಆಗ ಗುಂಡಿ ಒತ್ತಿಕೊಂಡೇ ಇರಬೇಡಿ; ಬಿಟ್ಟು, ಹಕ್ಕಿಯನ್ನು ಮತ್ತೆ ಝೋನ್ ಒಳಗೆ ತಂದು, ಹೊಸದಾಗಿ ಒತ್ತಿ.

ಇದಕ್ಕೇ ಫೋಕಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕೊಡೋದು ಒಳ್ಳೇದು. ಹೆಬ್ಬೆರಳು ಫೋಕಸ್‌ಗೆ, ತೋರುಬೆರಳು ಕ್ಲಿಕ್‌ಗೆ.

ಇನ್ನು ಎರಡು ಚಿಕ್ಕ ವಿಷಯ. ಲೆನ್ಸ್ ಪಕ್ಕದ ಲಿಮಿಟರ್ ಸ್ವಿಚ್ಚನ್ನು 10 ಮೀಟರ್‌ನಿಂದ ಅನಂತಕ್ಕೆ ಇಟ್ಟರೆ ಫೋಕಸ್ ತಪ್ಪಿದಾಗ ಲೆನ್ಸ್ ಹತ್ತಿರದ ಕೊನೆಯವರೆಗೆ ಹೋಗಿ ವಾಪಸ್ ಬರುವ ಹೊತ್ತು ಉಳಿಯುತ್ತೆ. ಮತ್ತೆ, ಹಕ್ಕಿ ಬರುವ ಮುಂಚೆಯೇ ಅದೇ ದೂರದ ಯಾವುದಾದರೂ ಕಂಬಕ್ಕೋ ಕೊಂಬೆಗೋ ಫೋಕಸ್ ಮಾಡಿಟ್ಟುಕೊಳ್ಳಿ. ಲೆನ್ಸ್ 3 ಮೀಟರ್‌ನಲ್ಲಿ ನಿಂತಿದ್ದರೆ 30 ಮೀಟರ್‌ನ ಹಕ್ಕಿ ವ್ಯೂಫೈಂಡರ್‌ನಲ್ಲಿ ಹೊಗೆಯ ಥರ ಕಾಣುತ್ತೆ, ಅಥವಾ ಕಾಣೋದೇ ಇಲ್ಲ. ನಿಮ್ಮ ಮಿಂಚುಳ್ಳಿ 'ಮಾಯ' ಆಗೋದು ಬಹುಶಃ ಹೀಗೆ.

ತೋಳ್ಬಲ:

ಮಿಂಚುಳ್ಳಿ ಧುಮುಕೋದನ್ನು ಹಿಡಿಯೋಕೆ ಟ್ರ್ಯಾಕಿಂಗ್ ನಂಬಬೇಡಿ. ಮನುಷ್ಯನ ಬೆರಳು ಪ್ರತಿಕ್ರಿಯಿಸೋಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಸೆಕೆಂಡಿಗೆ 20 ಫ್ರೇಮ್ ಅಂದರೂ ನಾಲ್ಕು ಫ್ರೇಮ್ ಆಗಲೇ ಹೋಯ್ತು. ಅದು ಪದೇ ಪದೇ ಬಂದು ಕೂರುವ ಕೊಂಬೆ ಗೊತ್ತು ಮಾಡಿಕೊಳ್ಳಿ. ಅದು ಧುಮುಕುವ ದಾರಿ ನಿಮ್ಮ ಕಡೆಗೋ ನಿಮ್ಮಿಂದ ದೂರಕ್ಕೋ ಅಲ್ಲದೆ, ಎಡದಿಂದ ಬಲಕ್ಕೆ ಸೆನ್ಸರ್‌ಗೆ ಸಮಾನಾಂತರವಾಗಿರುವ ಹಾಗೆ ಕೂತ್ಕೊಳ್ಳಿ. 10 ಮೀಟರ್ ದೂರದಲ್ಲಿ ನಿಮಗೆ ಸಿಗುವ ಆಳ 6-7 ಸೆಂ.ಮೀ. ಮಾತ್ರ, ಆದರೆ ಹಕ್ಕಿ ಅದೇ ಸಮತಲದಲ್ಲಿ ಇಳಿದರೆ ಅಷ್ಟು ಸಾಕು. ಕೊಂಬೆಗೆ ಫೋಕಸ್ ಮಾಡಿ ಲಾಕ್. ಕೊಂಬೆ ಚೌಕಟ್ಟಿನ ಮೇಲಿನ ಮೂಲೆಗೆ ಬರಲಿ, ಕೆಳಗೆ ನೀರಿನವರೆಗೆ ಜಾಗ ಬಿಡಿ, ಕ್ಯಾಮೆರಾ ಟ್ರೈಪಾಡ್ ಮೇಲಿರಲಿ.

ಪ್ರೀ-ಕ್ಯಾಪ್ಚರ್ ಇರುವ ಕ್ಯಾಮೆರಾ ಆದರೆ ಗುಂಡಿ ಅರ್ಧ ಒತ್ತಿ ಕಾಯಿರಿ, ಪೂರ್ತಿ ಒತ್ತುವುದಕ್ಕಿಂತ ಅರ್ಧ ಸೆಕೆಂಡ್ ಹಿಂದಿನ ಫ್ರೇಮ್‌ಗಳೂ ಉಳಿಯುತ್ತವೆ. ಒಂದು ಎಚ್ಚರಿಕೆ: ಇದು ಎಲೆಕ್ಟ್ರಾನಿಕ್ ಶಟರ್‌ನಲ್ಲೇ ನಡೆಯೋದು. ಸೆನ್ಸರನ್ನು ಮೇಲಿಂದ ಕೆಳಗೆ ಓದೋಕೆ 1/30 ಸೆಕೆಂಡ್ ಹಿಡಿಯುವ ಕ್ಯಾಮೆರಾದಲ್ಲಿ ಓದಿ ಮುಗಿಯುವಷ್ಟರಲ್ಲಿ ರೆಕ್ಕೆ ಜಾಗ ಬಿಟ್ಟಿರುತ್ತೆ, ಬಾಗಿದ, ರಬ್ಬರ್ ರೆಕ್ಕೆ ಬರುತ್ತೆ. ಶಟರ್ 1/4000 ಇಟ್ಟರೂ ಇದು ತಪ್ಪಲ್ಲ. ಬಹಳ ಬೇಗ ಓದಿ ಮುಗಿಸುವ ಸ್ಟ್ಯಾಕ್ಡ್ ಸೆನ್ಸರ್ ಇಲ್ಲದವರು ಬೇಗ ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಬಳಸಿ.

ಹಸಿರುಕೊಂಬೆ:

ಇಷ್ಟೆಲ್ಲಾ ಕಷ್ಟ ಯಾಕೆ ಸರ್? ಮೊಬೈಲ್‌ನಲ್ಲಿ ಅದರ ಕೂಗು ಹಾಕಿದರೆ ತಾನೇ ಹತ್ತಿರದ ಕೊಂಬೆಗೆ ಬಂದು ಕೂರುತ್ತಲ್ಲ. ಗೂಡಿನ ಹತ್ತಿರ ಕಾದರೆ ಇನ್ನೂ ಸುಲಭ, ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ.

ಚುಕ್ಕೆಮುನಿಯ:

ದಯವಿಟ್ಟು ಎರಡೂ ಬೇಡ. ಕೂಗು ಕೇಳಿ ಬರೋದು ಎದುರಾಳಿ ತನ್ನ ಜಾಗಕ್ಕೆ ನುಗ್ಗಿದ್ದಾನೆ ಅಂದುಕೊಂಡು. ಮೇಯೋದು, ಕಾವು ಕೊಡೋದು, ಮರಿ ಕಾಯೋದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತೆ. ಗೂಡಿಂದ ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೋ ಚಳಿಗೋ ಸಿಕ್ಕುತ್ತೆ, ಪಕ್ಕದಲ್ಲೇ ಕಾಗೆ ಕಾಯ್ತಿರುತ್ತೆ. ಚಿತ್ರ ಚೆಂದ ಬರಲಿ ಅಂತ ಗೂಡಿನ ಮುಂದಿನ ಎಲೆ ಕೀಳೋದು ಅದಕ್ಕಿಂತ ಕೆಟ್ಟದ್ದು, ಮರೆಯನ್ನೇ ಕಿತ್ತ ಹಾಗೆ. ಕೊಕ್ಕಲ್ಲಿ ಮೀನೋ ಹುಳವೋ ಹಿಡಿದ ಹಕ್ಕಿ ಗೂಡಿಗೆ ಹೋಗದೆ ಅಲ್ಲೇ ಕೂತು ನಿಮ್ಮನ್ನೇ ನೋಡ್ತಿದ್ದರೆ, ಅಥವಾ ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಅರಚುತ್ತಿದ್ದರೆ, ನೀವು ಗೂಡಿಗೆ ತೀರಾ ಹತ್ತಿರ ಇದ್ದೀರಿ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಗೂಡು, ಗೂಬೆಯ ಪೊಟರೆ ಇರುವ ಫೋಟೋ ಹಾಕುವಾಗ ಜಿಪಿಎಸ್ ಮಾಹಿತಿಯನ್ನೂ ತೆಗೆದು ಹಾಕಿ.

ಹತ್ತಿರ ಬರಿಸೋಕೆ ಇದಕ್ಕಿಂತ ಒಳ್ಳೇ ದಾರಿ ಗಾಳಿ. ಹಕ್ಕಿ ಏಳೋದು, ಇಳಿಯೋದು ಎರಡೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನಿಗೆ ಬರುವ ದಂಡೆ ಆರಿಸಿ ಕೂತರೆ ಅದು ನಿಮ್ಮ ಕಡೆ ಮುಖ ಮಾಡಿಯೇ ಇಳಿಯುತ್ತೆ, ಮುಖದ ಮೇಲೆ ಬೆಳಕೂ ಇರುತ್ತೆ. ಬೆಳಗಿನ ಬಿಸಿಲಿಗೆ ಪೂರ್ವದ ಗಾಳಿ, ಸಂಜೆಯದಕ್ಕೆ ಪಶ್ಚಿಮದ ಗಾಳಿ. ಗಾಳಿ ಉಲ್ಟಾ ಇದ್ದ ದಿನ ಬರೀ ಬಾಲದ ಫೋಟೋ ಸಿಗುತ್ತೆ, ಅವತ್ತು ಕೂತ ಹಕ್ಕಿ ತೆಗೆಯಿರಿ. ನಿಂತು ಕೆಳಮುಖವಾಗಿ ತೆಗೆಯಬೇಡಿ. ನೆಲಕ್ಕೆ ಮೊಣಕೈ ಊರಿ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಹೋಗಿ ನುಣುಪಾಗುತ್ತೆ, ಹಕ್ಕಿಗೂ ನಿಮ್ಮ ಆಕಾರ ಸಣ್ಣದಾಗಿ ಕಾಣುತ್ತೆ. ಹಾರುವ ಮುಂಚೆ ಹಕ್ಕಿ ಮುಂದಕ್ಕೆ ಬಾಗುತ್ತೆ, ಮೈ ಬಿಗಿ ಹಿಡಿಯುತ್ತೆ, ಹದ್ದು-ಗಿಡುಗಗಳು ಬಹಳ ಸಲ ಹಿಕ್ಕೆ ಹಾಕಿಯೇ ಏಳೋದು. ಅದನ್ನು ಕಂಡ ಕೂಡಲೇ ಬರ್ಸ್ಟ್ ಶುರು.

ಕೆರೆದಂಡೆ:

1/2500, ಸಣ್ಣ ಝೋನ್, ಮೋಡ್ 2, 400 ಎಂ.ಎಂ. ಹಾಕಿ ನೋಡಿದೆ, ಗೀರು ಬಹುಪಾಲು ಹೋಯ್ತು. ಹತ್ತು ಗಂಟೆ ಮೇಲೆ ತೆಗೆದವು ಮಾತ್ರ, ಕೂತ ಹಕ್ಕಿ ಕೂಡ, ಮೆತ್ತಗಿವೆ. ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಇದೆ, ಅದೇ ಕಾರಣವಾ?

ಬೂದುಬಕ:

ಫಿಲ್ಟರ್ ಹೇಗೂ ಬಿಚ್ಚಿ, 600 ಎಂ.ಎಂ.ನಲ್ಲಿ ಸಾಧಾರಣ ಗಾಜು ಸಾಕು ಚಿತ್ರ ಕೆಡಿಸೋಕೆ. ಆದರೆ ಅದೇ ಕಾರಣ ಆಗಿದ್ದರೆ ಬೆಳಗ್ಗೆ ಏಳಕ್ಕೂ ಕೆಡಬೇಕಿತ್ತು. ಹತ್ತರ ಮೇಲೆ ಅಂದರೆ ಬಿಸಿಗಾಳಿ. ಖಾತ್ರಿ ಮಾಡಿಕೊಳ್ಳೋಕೆ ಅಕ್ಷರ ಅಚ್ಚಾದ ಒಂದು ರಟ್ಟಿನ ಡಬ್ಬ ತಗೊಳ್ಳಿ. 12 ಮೀಟರ್‌ನಲ್ಲಿ ಇಟ್ಟು ಟ್ರೈಪಾಡ್ ಮೇಲಿಂದ, ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡ್ ಟೈಮರ್, 1/1000ಕ್ಕೆ ಹತ್ತು ಫ್ರೇಮ್. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಅದೇ ಜಾಗದಲ್ಲಿ ಒಮ್ಮೆ. ಬೆಳಗ್ಗೆ ಹತ್ತೂ ಒಂದೇ ಥರ ಬಂದು ಮಧ್ಯಾಹ್ನ ಒಂದಕ್ಕೊಂದು ಹೋಲದಿದ್ದರೆ ಲೆನ್ಸ್‌ಗೆ ಏನೂ ಆಗಿಲ್ಲ. ಎರಡೂ ಹೊತ್ತು ಒಂದೇ ಥರ ಮೆತ್ತಗೆ ಬಂದರೆ ಆಗ ಸರ್ವಿಸ್ ಯೋಚನೆ ಮಾಡಿ. ಕಾದ ಬಯಲು, ಟಾರು ರಸ್ತೆ, ಕಲ್ಲಿನ ದಂಡೆ ದಾಟಿ ಹೋಗುವ ನೋಟ ಬೇಡ. ಹುಲ್ಲು, ನೆರಳಿನ ಮೇಲೆ ಹಾದು ಹೋಗುವ ಕೋನ ಹುಡುಕಿ, ದೂರ 15 ಮೀಟರ್ ಒಳಗಿರಲಿ. ಕಾರಿನ ಕಿಟಕಿಯಿಂದ ತೆಗೆಯೋದಾದರೆ ಎಸಿ ಆಫ್ ಮಾಡಿ, ಎಲ್ಲಾ ಗಾಜು ಇಳಿಸಿ, ಒಳಗೂ ಹೊರಗೂ ಒಂದೇ ಬಿಸಿ ಆಗುವವರೆಗೆ ಕಾಯಿರಿ. ಇಲ್ಲದಿದ್ದರೆ ಕಿಟಕಿಯಲ್ಲೇ ಗಾಳಿ ಕದಡಿ ಚಿತ್ರ ಕೆಡುತ್ತೆ.

ತೋಳ್ಬಲ:

ತಂಪು ಲೆನ್ಸ್ ಬಿಸಿಲಿಗೆ ಬಂದಾಗ ಹುಡ್ (ಲೆನ್ಸ್ ಮುಂದೆ ಸಿಕ್ಕಿಸುವ ಬಿಸಿಲು ಮರೆ) ಒಳಗಿನ ಗಾಳಿಯೂ ಅದೇ ಥರ ಕದಡುತ್ತೆ. ಆ ಮೊದಲ ಅರ್ಧ ಗಂಟೆ ಹುಡ್ ಬಿಚ್ಚಿಟ್ಟೇ ಫೋಟೋ ತೆಗೆಯಿರಿ.